ಕಲ್ಲಿನ ಕಣ್ಣು, ಕೆಂಪು ಬಾಣ

ಕಳೆದ ತಿಂಗಳು ಇಲ್ಲಿ ಪುಣೆಯಲ್ಲೇ ಅಮ್ಮನ ಬಲಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದು ಕೂತವಳು ಮೊದಲು ನೋಡಿದ್ದು ಮಗನನ್ನೂ ಅಲ್ಲ, ಮೊಮ್ಮಗಳನ್ನೂ ಅಲ್ಲ. ನೆಲವನ್ನು. "ಇಷ್ಟ್ ಹೊಲಸ ನೆಲದ ಮ್ಯಾಲ ಅಡ್ಡಾಡ್ಲಿಕ್ಕತ್ತಿದ್ವೇನು ಇಷ್ಟು ದಿನ?" ಅಂದಳು. ಹೆಂಡತಿ ನನ್ನ ಮುಖ ನೋಡಿದಳು. ಭಾನುವಾರ ನೆಲ ಒರೆಸುವ ಪಾಳಿ ನನ್ನದು. ಸುಮ್ಮನೆ ಬಕೆಟ್ ತರಲು ಹೋದೆ.

ನಾವಿರುವುದು ಹಳೆಯ ಬಾಡಿಗೆ ಮನೆ, ನೆಲಕ್ಕೆ ಶಹಾಬಾದಿ ಫರ್ಸಿ. ಪುಣೆ, ಮುಂಬೈ, ಹೈದರಾಬಾದಿನ ಹಳೆಯ ಮನೆಗಳಲ್ಲಿರುವ ಓದುಗರಿಗೆ ಈ ಬೂದು ಕಲ್ಲಿನ ಪರಿಚಯ ಬೇಕಿಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದಿನ ಹೆಸರು ಹೊತ್ತ ಸುಣ್ಣದ ಕಲ್ಲು ಅದು. ನಾವೂ ಆ ಕಡೆಯವರೇ. ಊರು ಬಿಟ್ಟು ಹದಿನಾಲ್ಕು ವರ್ಷವಾದರೂ ಕಾಲ ಕೆಳಗೆ ಊರಿನ ಕಲ್ಲೇ ಇದೆ ಎಂಬುದು ಈ ಮನೆಗೆ ಬಂದ ಮೇಲೆ ಸಿಕ್ಕ ಒಂದು ಸಣ್ಣ ಸಮಾಧಾನ.

ಸುಣ್ಣದ ಕಲ್ಲಿನಲ್ಲಿರುವ ಮುಖ್ಯ ಖನಿಜ ಕ್ಯಾಲ್ಸೈಟ್. ನೆಲ ಒರೆಸುತ್ತ ಅಮ್ಮನಿಗೆ ಹೇಳಿದೆ, "ಇದೇ ಖನಿಜದ ಕಣ್ಣಿದ್ದ ಒಂದು ಪ್ರಾಣಿ ಇತ್ತಂತಮ್ಮ, ಕೋಟ್ಯಂತರ ವರ್ಷದ ಹಿಂದೆ." ಅಮ್ಮ ಒಂದು ಕ್ಷಣ ಯೋಚಿಸಿದಳು. "ಅಂದ್ರ ನನ್ನ ಕಣ್ಣಾಗ ಪ್ಲಾಸ್ಟಿಕ್ಕು, ಅದರ ಕಣ್ಣಾಗ ಕಲ್ಲು. ಯಾರ ಕಣ್ಣು ಚಲೋ?"

ಈ ತಿಂಗಳ ಅಂಕಣ ಹುಟ್ಟಿದ್ದು ಆ ಪ್ರಶ್ನೆಯಿಂದ. ಉತ್ತರ ಹುಡುಕುತ್ತ ಹೋದವನಿಗೆ ದಾರಿಯಲ್ಲಿ ನನ್ನದೇ ಒಂದು ತಪ್ಪು ಎದುರಾಯಿತು. ಅದನ್ನೂ ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ಪ್ರಾಣಿಯ ಹೆಸರು ಟ್ರೈಲೊಬೈಟ್. ಜೇನು, ಜೇಡ, ಚೇಳು, ಏಡಿ ಎಲ್ಲ ಸೇರುವ ಸಂಧಿಪದಿಗಳ ದೊಡ್ಡ ಬಳಗದ ಹಳೆಯ ಸದಸ್ಯ. ಬೆನ್ನಿನ ಚಿಪ್ಪು ಉದ್ದಕ್ಕೆ ಮೂರು ಭಾಗವಾಗಿ ಕಾಣುವುದರಿಂದ ಆ ಹೆಸರು. ಸುಮಾರು 52 ಕೋಟಿ ವರ್ಷಗಳ ಹಿಂದೆ ಸಮುದ್ರಗಳಲ್ಲಿ ಕಾಣಿಸಿಕೊಂಡು, 25 ಕೋಟಿ ವರ್ಷಗಳ ಹಿಂದೆ ಪೂರ್ತಿ ಅಳಿದುಹೋಯಿತು. ಡೈನೋಸಾರ್‌ಗಳು ಬರುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಇದುವರೆಗೆ 20,000ಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಿದ್ದಾರೆ. ನಮ್ಮ ದೇಶದಲ್ಲೂ ಇವೆ. ಹಿಮಾಚಲದ ಸ್ಪಿತಿ ಕಣಿವೆಯ ಕಲ್ಲುಗಳಲ್ಲಿ ಸಿಕ್ಕ ಟ್ರೈಲೊಬೈಟ್‌ಗಳನ್ನು ಎಫ್. ಆರ್. ಸಿ. ರೀಡ್ 1910ರಲ್ಲೇ ವಿವರಿಸಿದ್ದರು. ಆದರೆ ನಮ್ಮ ಶಹಾಬಾದಿ ಫರ್ಸಿಯಲ್ಲಿ ಹುಡುಕಲು ಹೋಗಬೇಡಿ. ಭೀಮಾ ಸೀಮೆಯ ಆ ಸುಣ್ಣದ ಕಲ್ಲು ಟ್ರೈಲೊಬೈಟ್‌ಗಳಿಗಿಂತಲೂ ಹಳೆಯದು. ನಾವು ತುಳಿದು ಓಡಾಡುವ ನೆಲ ಸಮುದ್ರದಡಿಯ ಕೆಸರಾಗಿದ್ದಾಗ ಅದನ್ನು ನೋಡಲು ಟ್ರೈಲೊಬೈಟ್ ಕೂಡ ಇರಲಿಲ್ಲ.

ಇವುಗಳ ಕಣ್ಣು ಸಂಯುಕ್ತ ಕಣ್ಣು. ಹಾಗಂದರೇನು ಎಂಬುದಕ್ಕೆ ಮಳೆಗಾಲ ಮುಗಿಯುವಾಗ ನಮ್ಮ ಬಾಲ್ಕನಿಗೆ ಬರುವ ಏರೋಪ್ಲೇನ್ ಚಿಟ್ಟೆಯನ್ನೇ ನೋಡಬಹುದು. ಅದರ ತಲೆಯ ತುಂಬ ಕಣ್ಣೇ. ಕೆಲವು ಜಾತಿಗಳಲ್ಲಿ ಒಂದೊಂದು ಕಣ್ಣಿನಲ್ಲಿ ಸುಮಾರು 30,000ದವರೆಗೆ ಪುಟ್ಟ ಮಸೂರಗಳಿರುತ್ತವೆ. ಪ್ರತಿ ಮಸೂರದ ಕೆಳಗೆ ಬೆಳಕನ್ನು ಇಳಿಸುವ ಒಂದು ಶಂಕು, ಅದರ ಕೆಳಗೆ ಬೆಳಕು ಗ್ರಹಿಸುವ ಎಂಟೊಂಬತ್ತು ಜೀವಕೋಶಗಳ ಕಟ್ಟು, ಅಲ್ಲಿಂದ ಮಿದುಳಿಗೆ ನರ. ಹಾಗಾದರೆ ಅದಕ್ಕೆ ಒಂದು ಹೂವು ಮೂವತ್ತು ಸಾವಿರ ಹೂವಾಗಿ ಕಾಣುತ್ತದೆಯೇ? ಸಿನಿಮಾಗಳಲ್ಲಿ ಹಾಗೆ ತೋರಿಸುತ್ತಾರೆ, ಅದು ತಪ್ಪು. ಒಂದು ಮಸೂರದ ಪಾಲಿಗೆ ಬರುವುದು ಇಡೀ ಹೂವಲ್ಲ, ಚಿತ್ರದ ಒಂದು ಚುಕ್ಕಿ ಮಾತ್ರ. ಚುಕ್ಕಿಗಳೆಲ್ಲ ಸೇರಿ ಒಂದೇ ಚಿತ್ರ. ನಮ್ಮ ಮೊಬೈಲಿನ ಪಿಕ್ಸೆಲ್ ಲೆಕ್ಕ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚುಕ್ಕಿ ಹೆಚ್ಚಿದಷ್ಟೂ ಚಿತ್ರ ನಯ.

ಈ ಲೆಕ್ಕ ಹಿಡಿದುಕೊಂಡು ಹಿಂದಕ್ಕೆ ಹೋದರೆ ಆಶ್ಚರ್ಯಗಳು ಒಂದರ ಹಿಂದೆ ಒಂದು. ಆಸ್ಟ್ರೇಲಿಯಾದ ದಕ್ಷಿಣಕ್ಕೆ ಕಾಂಗರೂ ದ್ವೀಪ ಇದೆ. ಅಲ್ಲಿನ ಸುಮಾರು 51 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಅನೊಮಲೊಕಾರಿಸ್ ಎಂಬ ಬೇಟೆಗಾರ ಪ್ರಾಣಿಯ ಕಣ್ಣುಗಳು ಸಿಕ್ಕ ಸುದ್ದಿ 2011ರಲ್ಲಿ ಬಂತು. ಕಣ್ಣಿನ ಅಗಲ ಎರಡರಿಂದ ಮೂರು ಸೆಂಟಿಮೀಟರ್, ಒಂದೊಂದರಲ್ಲಿ 16,000ಕ್ಕೂ ಹೆಚ್ಚು ಮಸೂರ. ಅಂಥದ್ದು ಮೇಲಿನಿಂದ ನೋಡುತ್ತಿದ್ದರೆ ಕೆಳಗಿನವರು ಚಿಪ್ಪು ತೊಡುವುದೋ, ಅಡಗುವುದೋ, ತಾವೂ ಚೆನ್ನಾಗಿ ನೋಡಲು ಕಲಿಯುವುದೋ, ಏನಾದರೊಂದು ಮಾಡಲೇಬೇಕು.

ಅದೇ ಹಳೆಯ ಕಾಲದ ಎಸ್ಟೋನಿಯಾದ ಒಂದು ಟ್ರೈಲೊಬೈಟ್, ಷ್ಮಿಟಿಯೆಲಸ್ ರೀಟೆ, ಬೇರೆಯದೇ ಕಥೆ ಹೇಳುತ್ತದೆ. ಇದರ ಬಲಗಣ್ಣಿನ ಚಿಪ್ಪು ಒಂದಿಷ್ಟು ಸವೆದುಹೋಗಿದ್ದರಿಂದ ಒಳಗಿನ ರಚನೆ ಕಂಡಿತು. 2017ರಲ್ಲಿ ಪ್ರಕಟವಾದ ವಿವರದ ಪ್ರಕಾರ ಸುಮಾರು ನೂರೇ ಘಟಕಗಳು, ಇಂದಿನ ಕೀಟಗಳಿಗಿಂತ ದೂರ ದೂರ ಜೋಡಿಸಿದವು. ಮಸೂರದ ಗುರುತೇ ಇಲ್ಲ. ಅಡ್ಡ ಬಂದದ್ದೇನು, ಪಕ್ಕಕ್ಕೆ ಸರಿದದ್ದೇನು ಎಂದು ತಿಳಿಯುವಷ್ಟು ಕಣ್ಣು. ಅಷ್ಟರಲ್ಲೇ ಬಾಳುವೆ ನಡೆದಿತ್ತು.

ಮುಂದೆ ಬಂದ ಟ್ರೈಲೊಬೈಟ್‌ಗಳಿಗೆ ಒಳ್ಳೆಯ ಮಸೂರಗಳೇ ಇದ್ದವು. ಕಲ್ಲಿನ ಮಾತು ಬರುವುದು ಇಲ್ಲಿ. ಪಳೆಯುಳಿಕೆಗಳಲ್ಲಿ ಆ ಮಸೂರಗಳು ಕ್ಯಾಲ್ಸೈಟ್ ಹರಳುಗಳಾಗಿ ಕಾಣುತ್ತವೆ. ಕ್ಯಾಲ್ಸೈಟ್‌ಗೆ ಒಂದು ವಿಚಿತ್ರ ಗುಣ. ಅದರ ತಿಳಿ ಹರಳನ್ನು ಪುಸ್ತಕದ ಮೇಲಿಟ್ಟರೆ ಅಕ್ಷರಗಳು ಎರಡೆರಡಾಗಿ ಕಾಣುತ್ತವೆ. ಅಂಥ ಖನಿಜದಿಂದ ಕಣ್ಣು ಮಾಡಿದರೆ ಎದುರಿನ ಶತ್ರುವೂ ಎರಡಾಗಿ ಕಾಣಬೇಕಲ್ಲ? ಆದರೆ ಹರಳಿನ ಒಂದು ದಿಕ್ಕಿನಲ್ಲಿ ಮಾತ್ರ ಬೆಳಕು ಇಬ್ಭಾಗವಾಗುವುದಿಲ್ಲ. ಟ್ರೈಲೊಬೈಟ್ ಮಸೂರಗಳಲ್ಲಿ ಹರಳಿನ ಆ ದಿಕ್ಕೇ ಸರಿಯಾಗಿ ಹೊರಮುಖವಾಗಿದೆ! 1973ರಲ್ಲಿ ಕೆನೆತ್ ಟೋವ್ ಎಂಬ ಅಮೆರಿಕನ್ ವಿಜ್ಞಾನಿ ಈ ಪಳೆಯುಳಿಕೆ ಮಸೂರಗಳ ಮೂಲಕವೇ ಫೋಟೋ ತೆಗೆದು ತೋರಿಸಿದರು. ಪ್ರಾಣಿ ಸತ್ತು ಕೋಟಿ ಕೋಟಿ ವರ್ಷಗಳಾದ ಮೇಲೂ ಮಸೂರ ಚಿತ್ರ ಮೂಡಿಸುತ್ತಿತ್ತು.

ಎರಡು ವರ್ಷದ ಬಳಿಕ, 1975ರಲ್ಲಿ, ಎಡಿನ್‌ಬರೊದ ಯುವನ್ ಕ್ಲಾರ್ಕ್‌ಸನ್ ಮತ್ತು ಶಿಕಾಗೋದ ಭೌತವಿಜ್ಞಾನಿ ರಿಕಾರ್ಡೊ ಲೆವಿ-ಸೆಟ್ಟಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ದಪ್ಪ ಮಸೂರದ ಅಂಚಿನಿಂದ ಬಂದ ಬೆಳಕು ಒಂದು ಕಡೆ, ನಡುವಿನಿಂದ ಬಂದದ್ದು ಇನ್ನೊಂದು ಕಡೆ ಕೂಡಿ ಚಿತ್ರ ಮಸುಕಾಗುವುದು ಸಾಮಾನ್ಯ. ಇದಕ್ಕೆ ಮಸೂರದ ಮೇಲ್ಮೈ ಹೇಗಿರಬೇಕೆಂದು ಹದಿನೇಳನೇ ಶತಮಾನದಲ್ಲಿ ಡೆಕಾರ್ಟ್ ಮತ್ತು ಹೈಗನ್ಸ್ ಗಣಿತ ಮಾಡಿಟ್ಟಿದ್ದರು. ಕೆಲವು ಟ್ರೈಲೊಬೈಟ್‌ಗಳ ಮಸೂರ ಎರಡು ಪದರದ್ದು, ಆ ಪದರಗಳು ಕೂಡುವ ಬಾಗು ಹೆಚ್ಚುಕಡಿಮೆ ಆ ಗಣಿತದ ಬಾಗೇ ಎಂದು ಇವರಿಬ್ಬರೂ ತೋರಿಸಿದರು. ಇಬ್ಬರು ಪಂಡಿತರು ಲೆಕ್ಕ ಹಾಕಿ ಕಂಡದ್ದನ್ನು ಒಂದು ಸಮುದ್ರದ ಹುಳ ಲೆಕ್ಕವಿಲ್ಲದೇ ತಲೆಯ ಮೇಲೆ ಹೊತ್ತು ತಿರುಗಿತ್ತು.

ಅಮ್ಮನಿಗೆ ಇಲ್ಲಿಯವರೆಗೆ ಹೇಳಿ ನಿಲ್ಲಿಸಬಹುದಿತ್ತು. ಆದರೆ 2019ರಲ್ಲಿ ಒಂದು ತಕರಾರು ಬಂತು. ಡೆನ್ಮಾರ್ಕಿನಲ್ಲಿ ಸಿಕ್ಕ 5 ಕೋಟಿ 40 ಲಕ್ಷ ವರ್ಷ ಹಳೆಯ ಉದ್ದಕಾಲಿನ ನೊಣಗಳ ಕಣ್ಣುಗಳನ್ನು ಯೊಹಾನ್ ಲಿಂಡ್‌ಗ್ರೆನ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಆ ಕಣ್ಣಿನ ಮಸೂರಗಳಲ್ಲೂ ಕ್ಯಾಲ್ಸೈಟ್ ಇತ್ತು. ಅದೇ ಬಳಗದ ಇಂದಿನ ನೊಣಗಳ ಕಣ್ಣಿನಲ್ಲಿ ಕ್ಯಾಲ್ಸೈಟ್ ಇಲ್ಲ. ಅಂದರೆ ಸತ್ತ ಮೇಲೆ, ಮಣ್ಣಿನಡಿ ಹೂತುಹೋದ ಮೇಲೆ, ಅದು ಒಳಗೆ ಸೇರಿದ್ದು. ಟ್ರೈಲೊಬೈಟ್‌ನಲ್ಲೂ ಹೀಗೇ ಆಗಿರಬಾರದೇಕೆ ಎಂಬುದು ಅವರ ಪ್ರಶ್ನೆ. ಹೌದು, ಬದುಕಿದ್ದಾಗಲೇ ಇತ್ತು ಎನ್ನುವವರು ಈಗಲೂ ಇದ್ದಾರೆ. ವಾದ ಮುಗಿದಿಲ್ಲ. ಮುಗಿಯದಿದ್ದರೂ ನಷ್ಟವಿಲ್ಲ, ಯಾಕೆಂದರೆ ಎರಡೂ ಕಡೆಯವರು ನೋಡುತ್ತಿರುವ ಕಲ್ಲುಗಳು ಕಪಾಟಿನಲ್ಲಿ ಭದ್ರವಾಗಿವೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಈಗ ಹೇಳುವ ಕಥೆಗೆ ಇದೇ ಬುನಾದಿ.

ಫೇಕಾಪ್ಸ್ ಎಂಬ ಟ್ರೈಲೊಬೈಟ್ ಗುಂಪಿನ ಕಣ್ಣು ಬೇರೆಯವುಗಳ ಹಾಗಿಲ್ಲ. ಮಸೂರಗಳು ಕಡಿಮೆ, ಹೆಚ್ಚೆಂದರೆ ಇನ್ನೂರರ ಆಸುಪಾಸು. ಆದರೆ ಒಂದೊಂದೂ ದೊಡ್ಡದು, ಕೆಲವು ಹತ್ತಿರ ಹತ್ತಿರ ಒಂದು ಮಿಲಿಮೀಟರ್. ಪಕ್ಕಪಕ್ಕದವು ಅಂಟಿಕೊಂಡಿಲ್ಲ, ನಡುವೆ ಗೋಡೆ ಇದೆ. ಬರಿಗಣ್ಣಿಗೂ ಎಣಿಸಬಹುದು. ಚುಕ್ಕಿಯ ಲೆಕ್ಕದಲ್ಲಿ ಇದು ಅರ್ಥವಾಗುವುದಿಲ್ಲ. ಇನ್ನೂರೇ ಚುಕ್ಕಿಯ ಚಿತ್ರಕ್ಕೆ ಇಷ್ಟು ದೊಡ್ಡ, ಇಷ್ಟು ನಯವಾದ ಮಸೂರ ಯಾಕೆ? ಅದರ ಕೆಳಗೆ ಏನಿತ್ತು?

ಕೆಳಗೆ ಏನಿತ್ತು ಎಂದು ನೋಡಿದವರು ವಿಲ್‌ಹೆಲ್ಮ್ ಸ್ಟ್ಯೂರ್ಮರ್. ಜರ್ಮನಿಯವರು, ಸೀಮೆನ್ಸ್ ಕಂಪನಿಯ ಎಕ್ಸ್-ರೇ ವಿಭಾಗದಲ್ಲಿ ಕೆಲಸ. ಪಳೆಯುಳಿಕೆ ಅವರಿಗೆ ಹೊಟ್ಟೆಪಾಡಲ್ಲ, ಹುಚ್ಚು. ಫೋಕ್ಸ್‌ವಾಗನ್ ವ್ಯಾನಿನೊಳಗೆ ಎಕ್ಸ್-ರೇ ಯಂತ್ರ ಇಟ್ಟುಕೊಂಡು ಕಲ್ಲುಗಣಿಯಿಂದ ಕಲ್ಲುಗಣಿಗೆ ಹೋಗುತ್ತಿದ್ದರಂತೆ. ರೈನ್ ಪ್ರದೇಶದ ಹುನ್ಸ್‌ರುಕ್‌ನಲ್ಲಿ ಮನೆಯ ಮಾಡಿಗೆ ಹೊದಿಸುವ ಕಪ್ಪು ಸ್ಲೇಟು ಕಲ್ಲು ತೆಗೆಯುತ್ತಿದ್ದರು. ಅದರೊಳಗಿನ ಜೀವಿಗಳಲ್ಲಿ ಮೆತ್ತನೆಯ ಭಾಗಗಳ ಜಾಗವನ್ನೂ ಕೆಲವೊಮ್ಮೆ ಪೈರೈಟ್ ಎಂಬ ಕಬ್ಬಿಣದ ಖನಿಜ ತುಂಬಿಕೊಂಡಿದೆ. ಎಕ್ಸ್-ರೇಗೆ ಅದು ಚೆನ್ನಾಗಿ ಕಾಣುತ್ತದೆ. ಕಲ್ಲು ಒಡೆಯದೆ ಒಳಗಿನದನ್ನು ನೋಡಬಹುದು.

ಹಾಗೆ ನೋಡಿದಾಗ ಫೇಕಾಪ್ಸ್‌ನ ಕಣ್ಣಿನ ಕೆಳಗೆ ಸಣ್ಣ ಎಳೆಗಳ ಕಟ್ಟು ಕಂಡಿತು. ಸ್ಟ್ಯೂರ್ಮರ್ ತಮ್ಮ ಎಕ್ಸ್-ರೇ ಕಾಣ್ಕೆಗಳನ್ನು 1970ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಎಳೆಗಳು ಕಣ್ಣಿಗೆ ಸೇರಿದವು, ನರದಂಥವು ಎಂಬುದು ಅವರ ಎಣಿಕೆ. ಬಲ್ಲವರು ನಂಬಲಿಲ್ಲ. ಪಳೆಯುಳಿಕೆಯಲ್ಲಿ ಉಳಿಯುವುದು ಚಿಪ್ಪು, ಮೂಳೆ, ಹಲ್ಲು. ನರ ಎಲ್ಲಾದರೂ ಉಳಿದೀತೇ? ಅದೂ ಹೇಳುತ್ತಿರುವವರು ಕಂಪನಿ ಕೆಲಸದ ಮನುಷ್ಯ. ಮಾತು ಅಲ್ಲಿಗೆ ನಿಂತಿತು.

ಸುಮಾರು ಐವತ್ತು ವರ್ಷ ಕಳೆಯಿತು. ಅಷ್ಟರಲ್ಲಿ ಸ್ಟ್ಯೂರ್ಮರ್ ತೀರಿಕೊಂಡಿದ್ದರು. ಕಲೋನ್ ವಿಶ್ವವಿದ್ಯಾಲಯದ ಬ್ರಿಗಿಟೆ ಷೋನೆಮಾನ್ ಮತ್ತು ಸಂಗಡಿಗರು ಆ ಹಳೆಯ ಫಿಲ್ಮ್‌ಗಳನ್ನು ತೆಗೆದು ಮತ್ತೆ ನೋಡಿದರು. ಅವರ ತಂಡದಲ್ಲಿ 1975ರ ಅದೇ ಕ್ಲಾರ್ಕ್‌ಸನ್ ಕೂಡ ಇದ್ದರು. ಎಳೆಗಳು ಇದ್ದವು. ಒಂದು ಫಿಲ್ಮ್ ಮೇಲೆ ಕೆಂಪು ಪೆನ್ನಿನಲ್ಲಿ ಎಳೆದ ಬಾಣದ ಗುರುತೂ ಇತ್ತು, ನೇರ ಕಣ್ಣಿನ ಕೆಳಗಿನ ರಚನೆಗೆ ತೋರಿಸುವಂತೆ. ಹೊಸ ಕಾಲದ ಉಪಕರಣಗಳಿಂದಲೂ ಪರೀಕ್ಷಿಸಿ 2021ರಲ್ಲಿ ಅವರು ಬರೆದದ್ದು ಇದು. ಫೇಕಾಪ್ಸ್‌ನ ಪ್ರತಿ ದೊಡ್ಡ ಮಸೂರದ ಕೆಳಗೆ ಇರುವುದು ಒಂದು ಚುಕ್ಕಿಯಲ್ಲ, ಒಂದು ಪುಟ್ಟ ಸಂಯುಕ್ತ ಕಣ್ಣು. ಕನಿಷ್ಠ ಆರು ಘಟಕಗಳು ಒಂದು ಮಸೂರದಡಿ ಸುತ್ತಿಕೊಂಡಿವೆ. ಕಣ್ಣೊಳಗೆ ಕಣ್ಣುಗಳು. ಸ್ಟ್ಯೂರ್ಮರ್ ಕಂಡ ಎಳೆಗಳು ಅವುಗಳ ನರಗಳೇ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕಾರಣ ಟ್ರೈಲೊಬೈಟ್ ಅಲ್ಲ, ಆ ಕೆಂಪು ಬಾಣ.

ನಾಲ್ಕು ವರ್ಷದ ಹಿಂದೆ ನಾನೊಂದು ತಂಡ ನೋಡಿಕೊಳ್ಳುತ್ತಿದ್ದೆ. ಹಣ ಪಾವತಿಯ ಲೆಕ್ಕ ಇಡುವ ಸಾಫ್ಟ್‌ವೇರ್. ತಂಡಕ್ಕೆ ಕಾಂಟ್ರ್ಯಾಕ್ಟ್ ಮೇಲೆ ಬಂದ ಒಬ್ಬ ಟೆಸ್ಟರ್ ಹುಡುಗಿ, ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಒಂದು ದಿನ ಟಿಕೆಟ್ ಹಾಕಿದಳು. ಎರಡು ವರದಿಗಳ ಮೊತ್ತದಲ್ಲಿ ಒಂದು ಪೈಸೆ ವ್ಯತ್ಯಾಸ. ಜೊತೆಗೆ ಸ್ಕ್ರೀನ್‌ಶಾಟ್, ಅದರ ಮೇಲೆ ಕೆಂಪು ಬಾಣ. ನಮ್ಮ ಹುಡುಗರು ನೋಡಿದರು, ಅವರಿಗೆ ಬರಲಿಲ್ಲ. ಮತ್ತೆ ಹಾಕಿದಳು. ಮತ್ತೆ ಬರಲಿಲ್ಲ. ಮೂರನೇ ಸಲ ನಾನೇ "ಮರುಕಳಿಸುತ್ತಿಲ್ಲ" ಎಂದು ಬರೆದು ಮುಚ್ಚಿದೆ. ಇಲ್ಲಿಗೆ ನನ್ನ ತಪ್ಪೇನೂ ಇಲ್ಲ ಅಂತ ಈಗಲೂ ಅನ್ನಿಸುತ್ತದೆ. ಕಾಣದ್ದನ್ನು ನಂಬು ಎಂದು ಯಾರಿಗೂ ಹೇಳಲಾಗದು. ಸ್ಟ್ಯೂರ್ಮರ್ ಅವರನ್ನು ನಂಬದವರೂ ಮೂರ್ಖರಲ್ಲ, ಆಗ ಗೊತ್ತಿದ್ದ ವಿಜ್ಞಾನ ಅವರ ಕಡೆಗೇ ಇತ್ತು.

ತಪ್ಪು ಆಮೇಲಿನದು. ಸ್ಟೋರೇಜ್ ಖರ್ಚು ಇಳಿಸಿ ಎಂದು ಮೇಲಿನಿಂದ ಮೇಲ್ ಬಂತು. ಆರು ತಿಂಗಳಿಗಿಂತ ಹಳೆಯ, ಮುಚ್ಚಿದ ಟಿಕೆಟ್‌ಗಳ ಅಟ್ಯಾಚ್‌ಮೆಂಟ್‌ಗಳನ್ನೆಲ್ಲ ಅಳಿಸಲು ನಾನು ಒಪ್ಪಿಗೆ ಕೊಟ್ಟೆ. ಉಳಿದದ್ದು ತಿಂಗಳಿಗೆ ಎಷ್ಟು ಅಂತ ಲೆಕ್ಕ ಹಾಕಿದರೆ ತಂಡಕ್ಕೆ ಒಂದು ಸಲ ಪಿಜ್ಜಾ ತರಿಸಿದಷ್ಟು. ಅದಕ್ಕಿಂತ ಹೆಚ್ಚಿನದು, ಆ ಹುಡುಗಿಯ ಮೌಲ್ಯಮಾಪನದಲ್ಲಿ "ಅನಗತ್ಯ ಟಿಕೆಟ್‌ಗಳಿಂದ ತಂಡದ ಸಮಯ ಹೋಗುತ್ತದೆ" ಎಂದು ಒಂದು ಸಾಲು ಬರೆದೆ. ಬರೆಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಅವಳ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ.

ಮಾರ್ಚ್ ಅಂತ್ಯದಲ್ಲಿ ವರ್ಷದ ಲೆಕ್ಕ ಕೂಡಿಸುವಾಗ ಪೈಸೆಗಳು ಸೇರಿ ರೂಪಾಯಿಗಳಾಗಿ, ರೂಪಾಯಿಗಳು ಸೇರಿ ಗ್ರಾಹಕ ಕಂಪನಿಯವರ ಕೋಪವಾಗಿ ಬಂದವು. ಹತ್ತೊಂಬತ್ತು ದಿನ ಹುಡುಕಿದೆವು. ಕೊನೆಗೆ ಸಿಕ್ಕಿತು. ಒಂದೇ ಮೊತ್ತವನ್ನು ಎರಡು ಕಡೆ ಎರಡು ಸಲ ದುಂಡಗಾಗಿಸುತ್ತಿದ್ದೆವು, ಅದೂ 31 ದಿನದ ತಿಂಗಳ ಕೊನೆಯ ದಿನ ಮಾತ್ರ. ಹಳೆಯ ಟಿಕೆಟ್ ತೆರೆದೆ. ಪಠ್ಯ ಇತ್ತು, "ಚಿತ್ರ ನೋಡಿ" ಎಂದಿತ್ತು. ಚಿತ್ರದ ಜಾಗದಲ್ಲಿ ಖಾಲಿ ಚೌಕ.

ಅವಳಿಗೆ ಮೆಸೇಜ್ ಮಾಡಿದೆ. ಕ್ಷಮೆ ಕೇಳಿ, ಆ ಸ್ಕ್ರೀನ್‌ಶಾಟ್‌ನಲ್ಲಿ ಏನಿತ್ತು ಅಂತ ಕೇಳಿದೆ. ಸಂಜೆ ಉತ್ತರ ಬಂತು. "ಸರ್, ಲ್ಯಾಪ್‌ಟಾಪ್ ವಾಪಸ್ ಕೊಟ್ಟಾಗ ಎಲ್ಲ ಹೋಯಿತು. ಆದರೆ ನೆನಪಿದೆ, 31ನೇ ತಾರೀಕಿನದು. ಬಾಣ ತಾರೀಕಿಗೇ ಹಾಕಿದ್ದೆ." ನಾವೆಲ್ಲ ನೋಡಿದ್ದು ಮೊತ್ತವನ್ನು. ಬಾಣ ತೋರಿಸುತ್ತಿದ್ದುದು ತಾರೀಕನ್ನು. ಚಿತ್ರ ಉಳಿದಿದ್ದರೆ ಹತ್ತೊಂಬತ್ತು ದಿನದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು. ಮೌಲ್ಯಮಾಪನದ ಸಾಲು ತಪ್ಪು ಎಂದು ಆಮೇಲೆ ಬರೆದು ಕಳಿಸಿದೆ. ಅವಳಿಗೆ ಆಗಲೇ ಬೇರೆ ಕಡೆ ಕೆಲಸ ಸಿಕ್ಕಿತ್ತು. ನಡುವೆ ಎಷ್ಟು ತಿಂಗಳು ಖಾಲಿ ಇದ್ದಳು ಅಂತ ಕೇಳುವ ಧೈರ್ಯ ನನಗೆ ಆಗಲಿಲ್ಲ.

ಜರ್ಮನಿಯಲ್ಲೂ ನಂಬಲಿಲ್ಲ, ಪುಣೆಯಲ್ಲೂ ನಂಬಲಿಲ್ಲ. ಒಂದೇ ವ್ಯತ್ಯಾಸ. ಅಲ್ಲಿ ನಂಬದಿದ್ದರೂ ಫಿಲ್ಮ್‌ಗಳನ್ನು ಯಾರೂ ಎಸೆಯಲಿಲ್ಲ. ಕಣ್ಣೊಳಗಿನ ಕಣ್ಣುಗಳ ಮಾತನ್ನು ನಾಳೆ ಯಾರಾದರೂ ಒಪ್ಪದಿರಬಹುದು, ಅವರೂ ಅದೇ ಫಿಲ್ಮ್ ತೆಗೆದು ನೋಡಿಯೇ ವಾದಿಸಬೇಕು. ನಾನು ಆ ಹುಡುಗಿಗೆ ಅಷ್ಟನ್ನೂ ಉಳಿಸಲಿಲ್ಲ. ಈಗ ನನ್ನ ತಂಡದಲ್ಲಿ ಟಿಕೆಟ್ ಯಾರು ಬೇಕಾದರೂ ಮುಚ್ಚಬಹುದು, ಚಿತ್ರ ಯಾರೂ ಅಳಿಸುವಂತಿಲ್ಲ. ಖರ್ಚಿನ ಮೇಲ್ ಪ್ರತಿ ಮೂರು ತಿಂಗಳಿಗೊಮ್ಮೆ ಬರುತ್ತದೆ, ಪ್ರತಿ ಸಲ ಜಗಳವಾಡುತ್ತೇನೆ. ನಿಮ್ಮ ಕಡೆ ಏನು ಪದ್ಧತಿ ಇದೆ, ಬರೆದು ತಿಳಿಸಿ.

ಅಮ್ಮನ ಪ್ರಶ್ನೆಗೆ ಉತ್ತರ ಬಾಕಿ ಇತ್ತಲ್ಲ. ಯಾರ ಕಣ್ಣು ಚಲೋ? ಇಷ್ಟೆಲ್ಲ ಓದಿದ ಮೇಲೆ ಹೇಳಿದೆ, "ಅದರ ಮಸೂರ ಕಲ್ಲೋ ಅಲ್ಲವೋ ಅಂತ ಇನ್ನೂ ಜಗಳ ಇದೆ. ಆದರೆ ಮಸೂರ ಎಷ್ಟು ಚಲೋ ಇದ್ದರೂ, ಕೆಳಗಿನ ನರ ಸರಿ ಇದ್ದರೆ ಮಾತ್ರ ಕಾಣುತ್ತದಮ್ಮ." ಅಮ್ಮ ನೆಲದ ಕಡೆ ನೋಡುತ್ತ, "ಡಾಕ್ಟರೂ ಅದೇ ಅಂದ್ರು. ನರ ಛಲೋ ಅದಾವಂತ ನನ್ನವು" ಅಂದಳು. ಆಮೇಲೆ ಕಿಟಕಿಯ ಕೆಳಗಿನ ಮೂಲೆಗೆ ಬೆರಳು ತೋರಿಸಿದಳು. ಅಲ್ಲಿ ಒರೆಸಿರಲಿಲ್ಲ.

ಎಡಗಣ್ಣಿನ ಆಪರೇಷನ್ ಮುಂದಿನ ತಿಂಗಳು.